ಎರಡು ಬಸ್ ಕಾರ್ಡಿನ ಸಂದು

ನವೆಂಬರ್ 2, ಶನಿವಾರ

ತಲೆ ಗಿರ್ರೆಂದಾಗ ಗೊತ್ತಿರುವುದನ್ನೆಲ್ಲ ಮೊದಲಿನಿಂದ ಬರೆ ಎಂದು ಧಾರವಾಡದ ಹಾಸ್ಟೆಲ್‌ನಲ್ಲಿ ಜೂಡಿತ್ ಮಿಸ್ ಹೇಳುತ್ತಿದ್ದರು. ಬರೆಯುತ್ತೇನೆ.

ಅಪ್ಪ ಕೆಲಸ ಮಾಡುವ ಪಂಪ್ ರಿಪೇರಿ ಕಂಪನಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಅವರಿಗೆ ಬೇರೆ ಕೆಲಸ ಸಿಗದಿದ್ದರೆ ಅವರದೂ ಅವ್ವನದೂ ವೀಸಾ ಖಲಾಸ್, ಇಬ್ಬರೂ ಬನಹಟ್ಟಿಗೆ. ನಾನು ಮಾತ್ರ ಇಲ್ಲೇ ಅಬುಧಾಬಿಯಲ್ಲಿ, ಕಾಲೇಜಿನ ವೀಸಾ ಮೇಲೆ, ಕಾಲೇಜಿನ ಹಾಸ್ಟೆಲ್‌ನಲ್ಲಿ. ಮೆಕ್ಯಾನಿಕಲ್ ಫಸ್ಟ್ ಇಯರ್ ಈಗಷ್ಟೇ ಶುರುವಾಗಿದೆ. ಅಂದರೆ ಇನ್ನೂ ಮೂರೂವರೆ ವರ್ಷಕ್ಕಿಂತ ಹೆಚ್ಚು.

ಐದನೇ ಕ್ಲಾಸಿನಿಂದ ಪಿಯುಸಿವರೆಗೆ ಎಂಟು ವರ್ಷ ಹಾಸ್ಟೆಲ್. ಅಪ್ಪ ಇದೇ ದೇಶದ ರುವೈಸ್‌ನ ಬ್ಯಾಚಲರ್ ಕ್ವಾರ್ಟರ್ಸ್‌ನಲ್ಲಿ, ಅವ್ವ ಬನಹಟ್ಟಿಯಲ್ಲಿ ಅಜ್ಜನ ಮಗ್ಗದ ಶೆಡ್ಡಿನಲ್ಲಿ, ನಾನು ಧಾರವಾಡದಲ್ಲಿ. ಮೂವರೂ ಒಂದೇ ಸೂರಿನ ಕೆಳಗೆ ಇರುವುದು ಈ ಆಗಸ್ಟ್‌ನಿಂದ. ಮೂರು ತಿಂಗಳು. ನನಗಿನ್ನೂ ಅಭ್ಯಾಸವಾಗಿಲ್ಲ. ಫ್ರಿಜ್ ತೆಗೆಯುವ ಮೊದಲು 'ಮೇ ಐ' ಅನ್ನುತ್ತೇನೆ. ಸ್ನಾನಕ್ಕೆ ಹೋಗುವಾಗ ನನ್ನ ಸೋಪ್ ಬಾಕ್ಸ್ ಒಯ್ದು, ಮುಗಿದ ಮೇಲೆ ಒರೆಸಿ ರೂಮಿಗೆ ತಂದು ಟ್ರಂಕಿನೊಳಗೆ ಇಡುತ್ತೇನೆ. ಅವ್ವ ನೋಡುತ್ತಿರುತ್ತಾರೆ.

ಇದು ಹಿನ್ನೆಲೆ. ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಹಂಝಾಕನ ಪಿಕಪ್ಪಿನಲ್ಲಿ ನಮ್ಮ ಮನೆಗೆ ಒಂದು ಸ್ನೋಮೊಬೈಲ್ ಬಂತು.

ಅಬುಧಾಬಿಯ ಬನಿಯಾಸ್‌ನಲ್ಲಿ ಹಳೆಯ ವಿಲ್ಲಾ ಒಂದರ ಹಿಂಭಾಗ ನಮ್ಮದು. ಎರಡು ರೂಮು, ಮುಂದೆ ತಗಡಿನ ಕಾರ್ ಶೆಡ್. ಕಾರಿಲ್ಲ. ಹೊರಗೆ ಮೂವತ್ನಾಲ್ಕು ಡಿಗ್ರಿ, ಅಂಗಳದ ತುಂಬ ಮರಳು, ನಡುವೆ ಹಿಮದ ಮೇಲೆ ಓಡುವ ಗಾಡಿ. ಮುಂದೆ ಎರಡು ಸ್ಕೀ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ರಬ್ಬರ್ ಪಟ್ಟಿ. ನಾನು ಅದರ ಸುತ್ತ ಎರಡು ಸುತ್ತು ಹಾಕಿದೆ.

"ಇದರ ಚಕ್ರ ಎಲ್ಲಿ ಮಾರಾಯ್ರೆ?" ಎಂದರು ಹಂಝಾಕ. "ಬಿದ್ದುಹೋಯ್ತಾ ಅಂತ ನಾನು ದಾರಿಯುದ್ದಕ್ಕೂ ಹಿಂದೆ ನೋಡಿದ್ದು."

ಇದನ್ನು ಕೊಟ್ಟವರು ಕಾನ್ರಾಡ್ ಅಂಕಲ್. ಮಂಗಳೂರಿನವರು, ರುವೈಸ್‌ನಲ್ಲಿ ಅಪ್ಪನ ರೂಂಮೇಟ್ ಆಗಿದ್ದರು. ಈಗ ದುಬೈಯ ಮಾಲ್ ಒಂದರ ಒಳಾಂಗಣ ಹಿಮದ ಹಾಲ್‌ನಲ್ಲಿ ವರ್ಕ್‌ಶಾಪ್ ಇನ್‌ಚಾರ್ಜ್. ಅಲ್ಲಿ ಸಾಮಾನು ಎಳೆಯುವ ಈ ಗಾಡಿ ಎರಡು ದಿನಕ್ಕೊಂದು ಬೆಲ್ಟ್ ಸುಡುತ್ತದಂತೆ, ಸ್ಕ್ರ್ಯಾಪ್‌ಗೆ ಬರೆದಿಟ್ಟಿದ್ದಾರಂತೆ. "ಇದನ್ನು ನೀವು ಬೆಲ್ಟ್ ಸುಡದ ಹಾಗೆ ಒಂದು ದಿವಸ ಪೂರ್ತಿ ಓಡಿಸಿ ತೋರಿಸಿದ್ರೆ, ಮ್ಯಾನೇಜರ್ ಹತ್ರ ನಾನೇ ಕರ್ಕೊಂಡು ಹೋಗ್ತೇನೆ. ನಮಗೆ ಒಬ್ಬ ಮೆಕ್ಯಾನಿಕ್ ಬೇಕು" ಎಂದಿದ್ದಾರೆ.

ಅಪ್ಪ ಇಪ್ಪತ್ತೆರಡು ವರ್ಷ ಪಂಪ್ ರಿಪೇರಿ ಮಾಡಿದವರು. ಹಿಮವನ್ನು ನೋಡಿಯೇ ಇಲ್ಲ.

ನವೆಂಬರ್ 4, ಸೋಮವಾರ

ಕಾಲೇಜಿನಿಂದ ಬಂದಾಗ ಅಪ್ಪ ಗಾಡಿಯ ಪಕ್ಕದ ಕವರ್ ಬಿಚ್ಚಿದ್ದರು. "ಬಾ ಇಲ್ಲೆ, ನೋಡ" ಎಂದು ಕರೆದರು. ನಾನು "ಯೆಸ್ ಸರ್" ಅಂದುಬಿಟ್ಟೆ. ಬಾಯಿ ತಪ್ಪಿ. ಇಬ್ಬರೂ ಕೇಳಿಸದವರಂತೆ ಇದ್ದೆವು.

ಒಳಗೆ ಎರಡು ಕ್ಲಚ್. ಮುಂದಿನದು ಎಂಜಿನ್ನಿನ ಶಾಫ್ಟಿಗೆ, ಹಿಂದಿನದು ಟ್ರ್ಯಾಕ್ ತಿರುಗಿಸುವ ಶಾಫ್ಟಿಗೆ. ಒಂದೊಂದೂ ಮುಖಾಮುಖಿ ಇಟ್ಟ ಎರಡು ತಟ್ಟೆಗಳ ಹಾಗೆ. ನಡುವೆ ಅಗಲವಾದ ಒಂದು ರಬ್ಬರ್ ಬೆಲ್ಟ್. ಸುತ್ತಲೂ ಕಾಡಿಗೆಯಂಥ ಪುಡಿ. ಅಪ್ಪ ಅದನ್ನು ಬೆರಳಲ್ಲಿ ತೆಗೆದು ಮೂಸಿದರು.

"ಬೆಲ್ಟಿನ ಬೂದಿ ಇದು. ಒಂದ ಕಡೆ ಸವದೈತಿ ನೋಡ. ಎರಡೂ ಕ್ಲಚ್ ಒಂದಕ್ಕೊಂದು ನೆಟ್ಟಗಿಲ್ಲ. ಬೆಲ್ಟ್ ಅಡ್ಡಡ್ಡ ತಿಕ್ಕಾಡಿ ಸಾಯಾಕತ್ತೈತಿ."

ಸರಿ ಮಾಡುವುದಕ್ಕೆ ಈ ಗಾಡಿಯದೇ ಒಂದು ಉಕ್ಕಿನ ಪಟ್ಟಿ ಬರುತ್ತದಂತೆ, ಕ್ಲಚ್ಚಿನೊಳಗಿಟ್ಟು ನೋಡುವಂಥದ್ದು. ಕಾನ್ರಾಡ್ ಅಂಕಲ್ ಹತ್ತಿರ ಅದಿಲ್ಲ. ಕಂಪನಿಯಲ್ಲಿ ಅಪ್ಪ ಬಳಸುತ್ತಿದ್ದ ಲೇಸರ್ ಪೆಟ್ಟಿಗೆ, ಡಯಲ್ ಗೇಜ್ ಎಲ್ಲ ಗುರುವಾರವೇ ವಾಪಸ್ಸು. ಮನೆಯಲ್ಲಿರುವುದು ಒಂದು ಸ್ಪ್ಯಾನರ್ ಸೆಟ್, ಒಂದು ಸುತ್ತಿಗೆ, ನನ್ನ ಡ್ರಾಯಿಂಗ್ ಕ್ಲಾಸಿನ ಸ್ಟೀಲ್ ಸ್ಕೇಲ್.

ಲ್ಯಾಬ್‌ನಲ್ಲಿ ಇವತ್ತೂ ಯಾರ ಹತ್ತಿರವೂ ಮಾತಾಡಲಿಲ್ಲ. ವೈವಾದಲ್ಲಿ ಕೈಯಿಂದ ಪೆನ್ನು ಜಾರಿ ಬಿತ್ತು.

ನವೆಂಬರ್ 7, ಗುರುವಾರ

ಇವತ್ತು ನೋಡಿದ್ದನ್ನು ಬರೆಯದೆ ಇರಲಾರೆ.

ಅಪ್ಪ ಅವ್ವನ ಪೆಟ್ಟಿಗೆಯಿಂದ ರೇಷ್ಮೆ ದಾರದ ಉಂಡೆ ಇಸಿದುಕೊಂಡರು. "ನಮ್ಮಪ್ಪ ಶೆಡ್ಡಿನಾಗ ಪುಲ್ಲಿ ಕೂಡಸೂದು ಹಿಂಗ" ಎಂದು ಹಿಂದಿನ ಕ್ಲಚ್ಚಿನ ತಟ್ಟೆಯ ಎರಡೂ ಅಂಚಿಗೆ ತಾಗುವಂತೆ ದಾರ ಹಿಡಿದು, ಮುಂದಿನ ಕ್ಲಚ್ ದಾಟಿ ನನ್ನ ಕೈಗೆ ಕೊಟ್ಟರು. ಎಳೆದ ರೇಷ್ಮೆ ಎಳೆಗಿಂತ ನೇರವಾದದ್ದು ಈ ಮನೆಯಲ್ಲಿ ಬೇರೇನೂ ಇಲ್ಲ, ಅದೂ ಪುಕ್ಕಟೆ. ಮುಂದಿನ ಕ್ಲಚ್ಚಿನ ಎರಡೂ ಅಂಚಿಗೆ ದಾರದಿಂದ ಒಂದೇ ಅಂತರ ಬಂದರೆ ಎರಡೂ ಸಮಾನಾಂತರ. ಸ್ಕೇಲ್ ಹಿಡಿದು ನೋಡಿದರೆ ಒಂದು ಅಂಚಿಗೂ ಇನ್ನೊಂದಕ್ಕೂ ಮೂರು ಮಿಲಿಮೀಟರ್ ವ್ಯತ್ಯಾಸ. ಕಣ್ಣಿಗೆ ಕಾಣದ ತಪ್ಪನ್ನು ಒಂದು ಎಳೆ ದಾರ ತೋರಿಸಿತು.

ಎಂಜಿನ್ ನಾಲ್ಕು ರಬ್ಬರ್ ಮೆತ್ತೆಗಳ ಮೇಲೆ ಕೂತಿದೆ. ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ಸರಿಸುವುದು, ಬಿಗಿಯುವುದು, ದಾರ ಹಿಡಿಯುವುದು. ಹಿಂದಿನ ಕ್ಲಚ್ಚಿನ ಹಿಂಬದಿಗೆ ವಾಷರ್ ಹಾಕಿ, ತೆಗೆದು, ಅದನ್ನೂ ಸಾಲಿಗೆ ತರುವುದು. ವಾಷರ್‌ಗಳು ಮರಳಿಗೆ ಬಿದ್ದು ಕಳೆಯತೊಡಗಿದವು. ಅವ್ವ ಬಾಗಿಲಲ್ಲಿ ನಿಂತು, "ಸೃಷ್ಟಿ, ನಿನ್ನ ಆ ಸಾಬಾಣದ ಡಬ್ಬಿ ಕೊಡ" ಎಂದರು. ಕೊಡಬೇಕಾಯಿತು. ಸೋಪನ್ನು ಟಿಶ್ಯೂನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ.

ನಾನು ಪಠ್ಯಪುಸ್ತಕ ತಂದು ತೋರಿಸಿದೆ: ಬೆಲ್ಟ್ ಓಡುವ ಎರಡು ಪುಲ್ಲಿಗಳು ಒಂದೇ ಸಮತಲದಲ್ಲಿರಬೇಕು. ಅಪ್ಪ ಖುಷಿಯಾದರು. "ಪಂಪಿನಾಗೂ ಅದ. ಕೂದಲಷ್ಟೂ ಬಿಡೂದಿಲ್ಲ ನಾವು."

ಐದೂವರೆಗೆ ದಾರ ಎರಡೂ ಅಂಚಿಗೆ ಒಂದೇ ಸಮ ತಾಗಿತು. ಗಾಡಿಯ ಹಿಂಭಾಗವನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು ಅಪ್ಪ ಎಂಜಿನ್ ಚಾಲೂ ಮಾಡಿದರು. ಮೊದಲು ಬೆಲ್ಟ್ ಸುಮ್ಮನೆ ನಿಂತಿತ್ತು. ಅವರು ವೇಗ ಏರಿಸಿದಂತೆ ಮುಂದಿನ ಕ್ಲಚ್ಚಿನ ತಟ್ಟೆಗಳು ತಾವಾಗಿಯೇ ಹತ್ತಿರ ಬಂದವು. ಬೆಲ್ಟ್ ಅದರಲ್ಲಿ ಮೇಲೇರಿತು, ಹಿಂದಿನದರಲ್ಲಿ ಆಳಕ್ಕೆ ಇಳಿಯಿತು. ಯಾರೂ ಮುಟ್ಟಲಿಲ್ಲ, ಗೇರ್ ಹಾಕಲಿಲ್ಲ. ಒಳಗಿನ ತೂಕಗಳು ತಿರುಗುವ ಬಿರುಸಿಗೆ ಹೊರಕ್ಕೆ ಚಿಮ್ಮಿ ತಟ್ಟೆಯನ್ನು ಒತ್ತುತ್ತವಂತೆ. ವೇಗ ಇಳಿಸಿದಾಗ ಮತ್ತೆ ಮೆಲ್ಲಗೆ ಬಿಚ್ಚಿಕೊಂಡವು. ಉಸಿರಾಡಿದ ಹಾಗಿತ್ತು. ನಾನು "ಇನ್ನೊಮ್ಮೆ, ಪ್ಲೀಸ್" ಎಂದು ನಾಲ್ಕು ಸಲ ಕೇಳಿದೆ. ಅವರು ನಾಲ್ಕು ಸಲವೂ ಮಾಡಿದರು.

ನವೆಂಬರ್ 10, ಭಾನುವಾರ

ದುಬೈಗೆ ಹೋಗಿ ಬಂದೆವು. ಮೊದಲು ಹಿಮ, ಆಮೇಲೆ ಉಳಿದದ್ದು.

ಹೊರಗೆ ಬಿಸಿಲು ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು. ಕಾನ್ರಾಡ್ ಅಂಕಲ್ ದಪ್ಪ ಜಾಕೆಟ್ ಕೊಟ್ಟರು, ಎರಡು ಬಾಗಿಲು ದಾಟಿಸಿದರು. ಒಳಗೆ ಮೈನಸ್ ಎರಡು. ಗುಡ್ಡವೊಂದು ಛಾವಣಿಯ ಕೆಳಗೆ ಮಲಗಿತ್ತು, ಪೂರ್ತಿ ಬಿಳಿ. ಮೇಲಿಂದ ಪುಡಿ ಹಿಮ ಉದುರುತ್ತಿತ್ತು, ಸದ್ದೇ ಇಲ್ಲದೆ. ನನ್ನ ತೋಳಿನ ಮೇಲೆ ಬಿದ್ದ ಒಂದು ಕಣ ಆರು ಮೂಲೆಯದು. ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲ. ಪಕ್ಕಕ್ಕೆ ತಿರುಗಿದರೆ ಅಪ್ಪ ಕೈಗವಸು ತೆಗೆದು, ಬಗ್ಗಿ, ಒಂದು ಹಿಡಿ ಹಿಮ ಎತ್ತಿ ಮುಷ್ಟಿಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ಐವತ್ತಾರು ವರ್ಷದ ಮನುಷ್ಯ.

"ಹತ್ತಿ ಅನ್ಕೊಂಡಿದ್ದೆ" ಎಂದರು. "ಉಪ್ಪಿನಂಗ ಐತಿ."

ಕಾನ್ರಾಡ್ ಅಂಕಲ್ ಹಿಂದೆ ಮರಳಿನ ಚೀಲ ತುಂಬಿದ ಜಾರುಬಂಡಿ ಕಟ್ಟಿ ಗಾಡಿಯನ್ನು ಗುಡ್ಡ ಹತ್ತಿಸಿದರು. ಮೊದಲ ಸುತ್ತು ಚೆಂದ. ಎರಡನೆಯದರಲ್ಲಿ ಕೀಚ್ ಎಂಬ ಸದ್ದು. ಮೂರನೆಯದರ ಅರ್ಧಕ್ಕೆ ಸುಟ್ಟ ರಬ್ಬರ್ ವಾಸನೆ, ಹೊಗೆ. ಹಿಮದ ಮೇಲೆ ಕಪ್ಪು ಪುಡಿ. ಅಪ್ಪ ಓಡಿಹೋಗಿ ಕವರ್ ತೆಗೆದು ಕ್ಲಚ್ ಮುಟ್ಟಿದರು, ಚಟ್ಟನೆ ಕೈ ಹಿಂದೆಳೆದುಕೊಂಡರು. ಅಂಗೈಯಲ್ಲಿ ಕೆಂಪು ಗೆರೆ.

"ಇನ್ನು ಒಂದು ಬೆಲ್ಟ್ ಉಂಟು ನನ್ನ ಹತ್ರ" ಎಂದರು ಕಾನ್ರಾಡ್ ಅಂಕಲ್. "ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟಿರ್ತೇನೆ. ಅದೂ ಹೋದ್ರೆ ಗಾಡಿ ಸ್ಕ್ರ್ಯಾಪ್, ಸಂಗಪ್ಪನವರೇ. ಸೋಮವಾರ ಲಾರಿ ಬರ್ತದೆ. ನಾನೂ ಎಂತ ಮಾಡ್ಲಿಕ್ಕಾಗ್ತದೆ?"

ಗಾಡಿಯನ್ನು ಮತ್ತೆ ಹಂಝಾಕನ ಪಿಕಪ್ಪಿಗೇರಿಸಿ ಮನೆಗೆ ತಂದೆವು.

ಪುಸ್ತಕ ತಂದು ತೋರಿಸಿದವಳು ನಾನು.

ನವೆಂಬರ್ 11, ಸೋಮವಾರ

ಕಾಲೇಜಿನ ಹಾಸ್ಟೆಲ್ ಫಾರಂ ಡೌನ್‌ಲೋಡ್ ಮಾಡಿದೆ. 'ತರಬೇಕಾದ ವಸ್ತುಗಳು' ಎಂಬ ಪಟ್ಟಿ ಇದೆ. ಬಕೆಟ್, ಬೀಗ, ಎರಡು ಬೆಡ್‌ಶೀಟ್. ಎಲ್ಲ ಇವೆ ನನ್ನ ಹತ್ತಿರ.

ನವೆಂಬರ್ 13, ಬುಧವಾರ

ಅಪ್ಪ ಮೂರು ದಿನದಿಂದ ದಾರ ಹಿಡಿದು ನೋಡುತ್ತಲೇ ಇದ್ದಾರೆ. ದಾರ ಸರಿಯೇ ಇದೆ. ಎಲ್ಲ ನೆಟ್ಟಗೇ ಇದೆ. ಆದರೂ ಸುಟ್ಟಿತು. ಸಂಜೆ ಅವರು ಸ್ಟೂಲಿನ ಮೇಲೆ ಕೂತು, "ನಾ ಎಂದೂ ಹಿಂಗ ಸೋತಿರಲಿಲ್ಲ" ಎಂದರು. ನನಗಲ್ಲ, ಗಾಡಿಗೆ ಹೇಳಿದ್ದು.

ಅವ್ವ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ನಿಂತ ಮಗ್ಗಕ್ಕ ದಾರ ಹಿಡದ್ರ ಏನ ಗೊತ್ತಾಗ್ತೈತ್ರೀ?"

ಅಪ್ಪ ತಿರುಗಿದರು. "ಅಂದ್ರ?"

"ನಿಂತಾಗ ಎಲ್ಲಾರೂ ನೆಟ್ಟಗ ಇರ್ತಾರ. ಅದು ಓಡುವಾಗ ಏನ ಮಾಡ್ತೈತಿ ಯಾರ ನೋಡೀರಿ? ಮೋಟರು ರಬ್ಬರಿನ ಮ್ಯಾಲೆ ಕುಂತೈತಿ. ಬೆಲ್ಟ್ ಜಗ್ಗಿದ್ರ ಅದೂ ಜಗ್ಗಿಸಿಕೊಂಡು ಸೊಟ್ಟ ಆಗ್ತೈತಿ. ನಮ್ಮ ನಾಲ್ಕನೇ ಮಗ್ಗದ್ದು ಹಂಗ ಇತ್ತು, ಮೋಟರಿನ ಬುಡಕ್ಕ ಟೈರಿನ ತುಂಡು ಹಾಕಿದ್ವಿ. ನೆಟ್ಟಗ ಕೂಡಿಸಿದ್ರ ವಾರಕ್ಕೊಂದು ಬೆಲ್ಟ್. ನಾ ಆಮ್ಯಾಲೆ ಒಂದೀಟು ಹೊರಗ ಮುಖಾ ಮಾಡಿ ಕೂಡಿಸ್ತಿದ್ದೆ. ಜಗ್ಗಿದಾಗ ತಾನ ನೆಟ್ಟಗಾಗ್ತಿತ್ತು."

"ನೀ ಕೂಡಿಸ್ತಿದ್ದೀ?"

"ಮತ್ತ್ಯಾರು? ನೀವು ರುವೈಸಿಂದ ಬಂದು ಕೂಡಿಸಿ ಹೋಗ್ತಿದ್ರೇನು?" ಎಂದು ಸೊಪ್ಪಿನ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಪ್ಪ ಬಹಳ ಹೊತ್ತು ಬಾಗಿಲ ಕಡೆಗೇ ನೋಡುತ್ತಿದ್ದ. ನಾನೂ. ಹದಿನಾರು ಮಗ್ಗಗಳ ಶೆಡ್ಡನ್ನು ಹದಿನೆಂಟು ವರ್ಷ ಓಡಿಸಿದ ಹೆಂಗಸು ಈ ಮನೆಯಲ್ಲಿ ಮೂರು ತಿಂಗಳಿಂದ ನನಗೆ ಚಪಾತಿ ಬಡಿಸುತ್ತಿದ್ದಾಳೆ, ನಾನು "ಥ್ಯಾಂಕ್ಯೂ" ಅನ್ನುತ್ತಿದ್ದೇನೆ. ಅವಳ ಹೆಬ್ಬೆರಳ ಮೇಲೆ ಒಂದು ಹಳೆಯ ಸೀಳುಗಾಯದ ಗುರುತಿದೆ. ಎಲ್ಲಿಯದು ಎಂದು ಇವತ್ತು ಕೇಳಿದೆ. "ನಾಲ್ಕನೇ ಮಗ್ಗದ್ದು" ಎಂದಳು.

ನವೆಂಬರ್ 14, ಗುರುವಾರ

ಮೆಟ್ರಾಲಜಿ ಲ್ಯಾಬ್‌ನಲ್ಲಿ ಸರ್ ಹತ್ತಿರ ಹೋಗಿ ಮೈಕ್ರೋಮೀಟರ್ ಕೇಳಿದೆ. ಯಾಕೆ ಎಂದರು. ನನ್ನ ಬಸ್ ಕಾರ್ಡಿನ ದಪ್ಪ ಅಳೆಯಬೇಕು, ಮನೆಯಲ್ಲಿ ಸಂದು ಅಳೆಯಲು ಅದೇ ಇರುವುದು ಎಂದೆ. ನಗುತ್ತ ಕೊಟ್ಟರು. 0.76 ಮಿಲಿಮೀಟರ್. ನಾಲ್ಕು ಕಡೆ ಅಳೆದೆ, ನಾಲ್ಕೂ ಕಡೆ ಅಷ್ಟೇ. ಇಷ್ಟು ನಿಖರವಾದ ಅಳತೆಯ ತುಂಡನ್ನು ಜನ ಕಿಸೆಯಲ್ಲಿ ಹಾಕಿಕೊಂಡು ತಿರುಗುತ್ತಾರೆ, ಅದರಿಂದ ಬಸ್ಸಿನ ಪೆಟ್ಟಿಗೆ ಮುಟ್ಟುತ್ತಾರೆ.

ನವೆಂಬರ್ 16, ಶನಿವಾರ

ಬೆಳಿಗ್ಗೆಯಿಂದ ಮೂವರೂ ಶೆಡ್ಡಿನಲ್ಲಿ. ಒಲೆ ಹೊತ್ತಿಸಿಲ್ಲ. ಹಂಝಾಕನ ಹೆಂಡತಿ ಪುಂಡಿ ಎಂಬ ಅಕ್ಕಿ ಕಡುಬು ಕಳಿಸಿದ್ದರು, ಅದನ್ನೇ ತಿಂದೆವು.

ಅವ್ವನ ಯೋಚನೆ ಇದು: ಗಾಡಿ ಓಡುವಾಗ ಒಳಗೆ ಕೂತು ನೋಡಲಾಗದು. ಹಾಗಾದರೆ ನಿಂತ ಗಾಡಿಗೇ ಓಡುವ ಎಳೆತ ಕೊಡಬೇಕು. ಹಂಝಾಕನ ಪಿಕಪ್ಪಿನಲ್ಲಿ ಸಾಮಾನು ಬಿಗಿಯುವ ಪಟ್ಟಿ ಇತ್ತು, ಹಿಡಿಕೆ ಆಡಿಸಿದರೆ ಬಿಗಿಯಾಗುತ್ತ ಹೋಗುವಂಥದ್ದು. ಅದನ್ನು ಮುಂದಿನ ಕ್ಲಚ್ಚಿನ ಶಾಫ್ಟಿಗೆ ಸುತ್ತಿ, ಹಿಂದೆ ಚೌಕಟ್ಟಿಗೆ ಕಟ್ಟಿದೆವು. ಬೆಲ್ಟ್ ಎಳೆಯುವ ದಿಕ್ಕಿಗೇ.

ನಾನು ದಾರ ಹಿಡಿದಿದ್ದೆ. ಅವ್ವ ಹಿಡಿಕೆ ಆಡಿಸಿದಳು. ಟಕ್. ಟಕ್. ಟಕ್.

ಎಂಜಿನ್ ಕದಲಿದ್ದು ನನಗೆ ಕಾಣಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಮುದ್ದೆ ಕದಲೀತು ಎಂದು ನಂಬಿಕೆಯೂ ಇರಲಿಲ್ಲ. ಆದರೆ ದಾರ ಹೇಳಿತು. ಒಂದು ಅಂಚಿನಿಂದ ಅದು ಮೆಲ್ಲಗೆ ದೂರವಾಯಿತು. ನಾನು ನನ್ನ ಬಸ್ ಕಾರ್ಡನ್ನು ಆ ಸಂದಿಗೆ ತೂರಿಸಿದೆ. ಇನ್ನೂ ಜಾಗವಿತ್ತು. "ಅಪ್ಪಾ, ನಿಂದೂ ಕೊಡು." ಅವನ ಕಾರ್ಡನ್ನೂ ಸೇರಿಸಿದೆ. ಎರಡೂ ಸೇರಿ ಸರಿಯಾಗಿ ಕೂತವು. ಒಂದೂವರೆ ಮಿಲಿಮೀಟರ್. ಹಿಂದಿನ ವಾರದ ಗುರುವಾರ ನಾವು ಮಾಡಿದ ಅಷ್ಟೂ ನೆಟ್ಟಗಿನ ಕೆಲಸ, ಗಾಡಿ ಓಡತೊಡಗಿದ ಕ್ಷಣಕ್ಕೆ ಇಷ್ಟು ಸೊಟ್ಟಗಾಗುತ್ತಿತ್ತು.

ಪಟ್ಟಿ ಬಿಚ್ಚಿ, ಎಂಜಿನ್ನನ್ನು ಬೇಕೆಂದೇ ಎದುರು ಕಡೆಗೆ ಎರಡು ಕಾರ್ಡಿನಷ್ಟು ಸೊಟ್ಟಗೆ ಕೂಡಿಸಿದೆವು. ಬಿಗಿಯುವಾಗ ಅದು ಮತ್ತೆ ಮತ್ತೆ ಸರಿಯುತ್ತಿತ್ತು. ಏಳು ಸಲ ಬಿಚ್ಚಿದೆವು. ಅಪ್ಪ ಐದನೇ ಸಲ, "ಸಾಕ, ಹತ್ತರ ಹತ್ತರ ಬಂತು" ಎಂದ.

"ಅಪ್ಪಾ, ಸುಮ್ನಿರು. ಒಂದ ಕಾರ್ಡ್ ಅಷ್ಟ ಹಿಡಿಯಾಕತ್ತೈತಿ. ಬಿಚ್ಚು."

"ಯೆಸ್ ಮೇಡಂ" ಎಂದು ಬಿಚ್ಚಿದ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಏಳನೆಯ ಸಲಕ್ಕೆ ಎರಡೂ ಕಾರ್ಡ್ ಹಿಡಿದವು. ಈಗ ನೋಡಿದರೆ ಯಾರಾದರೂ ತಪ್ಪಾಗಿದೆ ಎನ್ನಬೇಕು, ಹಾಗೆ ಕೂತಿದೆ. ಅವ್ವ ಮತ್ತೆ ಪಟ್ಟಿ ಕಟ್ಟಿ ಬಿಗಿದಳು. ಟಕ್. ಟಕ್. ಟಕ್. ಕಣ್ಣ ಮುಂದೆ ಆ ಸಂದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಇಲ್ಲವಾಯಿತು. ಎಳೆ ದಾರ ಎರಡೂ ಅಂಚಿಗೆ ಒಂದೇ ಸಮ ಬಂದು ನಿಂತಿತು. ಮೂವರೂ ಬಗ್ಗಿ ನೋಡುತ್ತಿದ್ದೆವು, ತಲೆಗೆ ತಲೆ ತಾಗಿಸಿಕೊಂಡು. ದೇವರ ಮುಂದೆ ಕೂಡ ನಾನು ಹಾಗೆ ಬಗ್ಗಿ ನಿಂತದ್ದಿಲ್ಲ.

ಆಮೇಲೆ ಅಪ್ಪ ಎಣ್ಣೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಅವ್ವನಿಗೆ ಹೇಳಿದ: "ಗಂಗಾ, ಇಷ್ಟ ವರ್ಷ ಫೋನಿನಾಗ ನೀ ಇದನ್ನೆಲ್ಲಾ ಯಾಕ ಹೇಳಲಿಲ್ಲ?"

"ನೀವು 'ಊಟ ಆತೇನು' ಬಿಟ್ಟು ಏನ ಕೇಳಿದ್ರಿ?"

ನವೆಂಬರ್ 17, ಭಾನುವಾರ

ಇವತ್ತು ಅವ್ವನೂ ಬಂದಳು. ಇಳಕಲ್ ಸೀರೆಯ ಮೇಲೆ ನೀಲಿ ಜಾಕೆಟ್, ಕಾಲಿಗೆ ಬಾಡಿಗೆ ಬೂಟು. ಎರಡನೇ ಬಾಗಿಲು ತೆರೆದಾಗ ಅವಳು ನಿಂತೇಬಿಟ್ಟಳು. "ಎಷ್ಟ ಬೆಳ್ಳಗೈತಿ" ಎಂದು ಪಿಸುಗುಟ್ಟಿದಳು, ಯಾರೋ ಮಲಗಿದ್ದಾರೆ ಎಂಬಂತೆ. ಛಾವಣಿಯಿಂದ ಉದುರುವ ಹಿಮಕ್ಕೆ ಸೆರಗೊಡ್ಡಿದಳು.

ಕೊನೆಯ ಬೆಲ್ಟ್ ಹಾಕಿದ್ದು ಅಪ್ಪ. ಕಾನ್ರಾಡ್ ಅಂಕಲ್ ದಾರ ಹಿಡಿದು ನೋಡಿ ಹೌಹಾರಿದರು. "ಎಂತ ಸಂಗಪ್ಪನವರೇ, ಇದು ಸೊಟ್ಟ ಉಂಟಲ್ಲ?"

"ಐತಿ" ಎಂದ ಅಪ್ಪ. "ಇರಲಿ ಬಿಡ್ರಿ. ನಮ್ಮ ಇನ್‌ಚಾರ್ಜ್ ಹಂಗ ಹೇಳ್ಯಾರ." ಅವ್ವನ ಕಡೆ ಕೈ ತೋರಿಸಿದ.

ಬೆಳಿಗ್ಗೆ ಒಂಬತ್ತಕ್ಕೆ ಶುರು. ಮರಳಿನ ಚೀಲ ಎಳೆದು ಗುಡ್ಡ ಹತ್ತುವುದು, ಇಳಿಯುವುದು. ಮೂರನೇ ಸುತ್ತಿಗೆ ನಾನು ಮೂಗು ಹಿಡಿದುಕೊಂಡೆ, ವಾಸನೆ ಬಂದೀತೆಂದು. ಬರಲಿಲ್ಲ. ಹತ್ತು. ಇಪ್ಪತ್ತು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ಮತ್ತೆ. ಕಾನ್ರಾಡ್ ಅಂಕಲ್‌ಗೆ ಚೀಲ ಸಾಲದೆನ್ನಿಸಿ ನಮ್ಮನ್ನೇ ಜಾರುಬಂಡಿಯಲ್ಲಿ ಕೂರಿಸಿದರು, ಅವ್ವ, ನಾನು, ಅಪ್ಪ, ಒಬ್ಬರ ಹಿಂದೊಬ್ಬರು. ಗಾಡಿ ಏರಿನ ನಡುವೆ ಒಮ್ಮೆ ಕುಂಯ್ ಎಂದಾಗ ಅಪ್ಪನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಮರುಕ್ಷಣ ಕ್ಲಚ್ಚಿನ ತಟ್ಟೆಗಳು ಕಚ್ಚಿಕೊಂಡ ಸದ್ದು ಕೇಳಿತು. ಮೂವರ ಭಾರವನ್ನೂ ಎಳೆದುಕೊಂಡು ಅದು ಮೇಲೇರಿತು. ಗುಡ್ಡದ ತುದಿಯಿಂದ ನೋಡಿದರೆ ಕೆಳಗೆ ಬಿಳಿಯೋ ಬಿಳಿ, ಗಾಜಿನಾಚೆ ಮಾಲ್‌ನ ಜನ ಟೀಶರ್ಟಿನಲ್ಲಿ ಐಸ್‌ಕ್ರೀಂ ತಿನ್ನುತ್ತ ನಮ್ಮನ್ನು ನೋಡುತ್ತಿದ್ದರು.

ಐದು ಗಂಟೆಗೆ ನಿಲ್ಲಿಸಿದರು. ಅಪ್ಪ ಕವರ್ ತೆಗೆದ. ಮುಟ್ಟಲು ಕೈ ಮುಂದೆ ಮಾಡಿದ, ಅಂಗೈಯ ಸುಟ್ಟ ಗೆರೆ ಇನ್ನೂ ಮಾಸಿಲ್ಲ, ನಿಲ್ಲಿಸಿದ. ನಾನು ಇಟ್ಟೆ. ಬಿಸಿ ಇತ್ತು, ಚಹಾ ಲೋಟದಷ್ಟು. ಕೈ ತೆಗೆಯಲಿಲ್ಲ. ಕಾನ್ರಾಡ್ ಅಂಕಲ್ ಹತ್ತರವರೆಗೆ ಎಣಿಸಿದರು. ಅವ್ವ ಬಂದು ನನ್ನ ಕೈ ಪಕ್ಕ ತನ್ನ ಕೈ ಇಟ್ಟಳು. ಹಿಮದ ಮೇಲೆ ಎಲ್ಲೂ ಕಪ್ಪು ಪುಡಿ ಇರಲಿಲ್ಲ.

"ನಾಳೆ ಪಾಸ್‌ಪೋರ್ಟ್ ಕಾಪಿ, ಎರಡು ಫೋಟೋ ತನ್ನಿ" ಎಂದರು ಕಾನ್ರಾಡ್ ಅಂಕಲ್. "ಮ್ಯಾನೇಜರ್ ಗ್ಲಾಸಿನ ಆಚೆ ನಿಂತು ಎಲ್ಲ ನೋಡಿ ಆಯ್ತು. ಲಾರಿಯವನಿಗೆ ಬರ್ಬೇಡ ಅಂತ ಹೇಳ್ತೇನೆ."

ನವೆಂಬರ್ 21, ಗುರುವಾರ

ನಾಲ್ಕು ದಿನ ಬರೆಯಲು ಪುರಸೊತ್ತಾಗಲಿಲ್ಲ. ಅಪ್ಪನ ಆಫರ್ ಲೆಟರ್ ಬಂತು. ಕಾಗದದಲ್ಲಿ ಅವನ ಹೆಸರು ತಪ್ಪಾಗಿದೆ, ಸಂಗಪ್ಪ ಹೋಗಿ ಸಾಂಗಪಾ. ತಿದ್ದಿಸಬೇಕು. ಲ್ಯಾಬ್‌ನಲ್ಲಿ ನನ್ನ ಬೆಂಚಿನ ಹುಡುಗಿಗೆ ಬಸ್ ಕಾರ್ಡಿನ ಕಥೆ ಹೇಳಿದೆ, ಅವಳು ನಂಬಲಿಲ್ಲ. ಶನಿವಾರ ಮನೆಗೆ ಬಾ, ತೋರಿಸುತ್ತೇನೆ ಎಂದೆ.

ಸಂಜೆ ಅವ್ವ ಶೆಡ್ ಗುಡಿಸುವಾಗ ನನ್ನ ಸೋಪ್ ಬಾಕ್ಸ್ ಸಿಕ್ಕಿತು, ಉಳಿದ ವಾಷರ್‌ಗಳ ಸಮೇತ. ತೊಳೆದರೂ ಎಣ್ಣೆ ಕಲೆ ಹೋಗಲಿಲ್ಲವಂತೆ.

"ಇದು ಕೆಟ್ಟ ಹೋತು, ಸೃಷ್ಟಿ. ನಾಳೆ ನಿನಗ ಹೊಸಾದು ತರ್ತೇನಿ."

"ಯಾಕ?" ಎಂದೆ. "ಬಾತ್‌ರೂಮಿನಾಗ ಸೋಪ್ ಐತಲ್ಲ."